ಬಿ-275ಕ್ಕೆ ಯಾವ ಕೆಂಪು? ಎನಾಮಲ್ಲೋ, ಪಿಯುವೋ?

ಪಾಂಡವಪುರ_275 · ಜುಲೈ 2

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮಪ್ಪ 1969ರಲ್ಲಿ ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರ್ ತಂದಿದ್ದರು. 1997ರಲ್ಲಿ ಅಕ್ಕನ ಮದುವೆಗೆ ಮಾರಿದರು. ಗಾಡಿ ಜೊತೆ ಬಂದಿದ್ದ ಸ್ಪ್ಯಾನರ್‌ಗಳನ್ನೆಲ್ಲ ಕೊಟ್ಟರು, ಐಎಚ್ (ಇಂಟರ್‌ನ್ಯಾಷನಲ್ ಹಾರ್ವೆಸ್ಟರ್) ಅಂತ ಅಚ್ಚಿರುವ ಒಂದನ್ನು ಮಾತ್ರ ಕೊಡಲಿಲ್ಲ. ಮರೆತರೋ ಬೇಕಂತಲೇ ಇಟ್ಟುಕೊಂಡರೋ ಕೇಳೋಣ ಅಂದರೆ ಈಗ ಅವರಿಲ್ಲ. ಈ ಫೆಬ್ರವರಿಯಲ್ಲಿ ಅದೇ ಗಾಡಿ ನಾಗಮಂಗಲದ ಕಡೆ ಒಂದು ತೋಟದ ಶೆಡ್ಡಿನಲ್ಲಿ ಸಿಕ್ಕಿತು. ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ನಂಬರ್ ನೋಡಿ ಗುರುತು ಹಿಡಿದೆ, ಬಣ್ಣ ನೋಡಿದ್ದರೆ ಗೊತ್ತಾಗುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಪೂರ್ತಿ ನೀಲಿ ಬಳಿದಿದ್ದಾರೆ!

ಎಂಜಿನ್ ಕೆಲಸ ಮುಗಿದಿದೆ, ಓಡುತ್ತೆ. ಈಗ ಬಣ್ಣ. ಟೌನಿನ ಪೇಂಟರ್ ‘ಪಿಯು (ಪಾಲಿಯುರೆಥೇನ್ ಬಣ್ಣ) ಹೊಡೆಸಿ, ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಕೊಡೋಣ, ಕನ್ನಡಿ ಥರ ಬರುತ್ತೆ’ ಅಂತಾರೆ. ಚಿಕ್ಕಪ್ಪನ ಮಗ ‘ಅಂಗಡಿ ಎನಾಮಲ್ ತಂದು ನಾವೇ ಹೊಡ್ಕೊಳ್ಳೋಣ ಬಿಡು’ ಅಂತಾನೆ. ಅಂಗಡಿಯವರು ‘ಟ್ರ್ಯಾಕ್ಟರ್ ರೆಡ್’ ಅಂತ ಡಬ್ಬ ತೋರಿಸಿದರು. ಯಾವ ಟ್ರ್ಯಾಕ್ಟರ್ ಅಂದರೆ ‘ಎಲ್ಲಾ ಟ್ರ್ಯಾಕ್ಟರ್’ ಅಂದರು. ಆಯುಧಪೂಜೆಗೆ ರೆಡಿ ಆಗಬೇಕು ಅಂತ ಅಮ್ಮನ ಆಸೆ. ಏನು ಮಾಡಲಿ?

ಕೆಜಿಎಫ್_ಗನ್‌ಮ್ಯಾನ್ · ಜುಲೈ 2

ಭಾರಿ ಯಂತ್ರಗಳ ಕಾರ್ಖಾನೆಯ ಪೇಂಟ್‌ಶಾಪಿನಲ್ಲಿ 31 ವರ್ಷ ಇದ್ದವನು. ಡೋಜರ್‌ಗೆ ಬಣ್ಣ ಹೊಡೆದೇ ಕೈ ಸವೆಸಿದ್ದೇನೆ. ಮೊದಲು ನನ್ನ ಪ್ರಶ್ನೆಗೆ ಉತ್ತರ ಹೇಳಿ: ಈ ಗಾಡಿ ಇನ್ನು ಗದ್ದೆಗೆ ಇಳಿಯುತ್ತದೋ, ಶೆಡ್ಡಲ್ಲಿ ನಿಲ್ಲುತ್ತದೋ?

ಪಾಂಡವಪುರ_275 · ಜುಲೈ 2

ಕೇಜ್‌ವೀಲ್ ಹಾಕಿ ಕೆಸರಿಗೆ ಇಳಿಸಲ್ಲ ಸರ್. ಟ್ರೈಲರ್ ಕಟ್ಟಿ ಕಬ್ಬು, ಗೊಬ್ಬರ ಅಂತ ಸಣ್ಣಪುಟ್ಟ ಕೆಲಸ ಮಾಡಿಸ್ತೀನಿ. ಸುಮ್ನೆ ನಿಲ್ಲಿಸೋಕೆ ಮನಸ್ಸಿಲ್ಲ.

ಕೆಜಿಎಫ್_ಗನ್‌ಮ್ಯಾನ್ · ಜುಲೈ 3

ಹಾಗಾದರೆ ಕೇಳಿ. ನಿಮ್ಮ ಮುಂದೆ ಇರೋದು ಮೂರು ದಾರಿ.

ಡ್ಯೂಕೊ ಅಂತ ನಮ್ಮವರು ಕರೆಯುವ ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಥಿನ್ನರ್ ಹಾರಿದ ಕೂಡಲೇ ಒಣಗುತ್ತದೆ, ಉಜ್ಜಿದರೆ ಹೊಳಪು ಬರುತ್ತದೆ. ಆದರೆ ಡೀಸೆಲ್ ಚೆಲ್ಲುವ ಗಾಡಿಗೆ ಇದು ಬೇಡ. ಮಳೆಗಾಲದಲ್ಲಿ ಹೊಡೆದರೆ ಥಿನ್ನರ್ ಹಾರುವ ವೇಗಕ್ಕೆ ತಗಡು ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಕೆಂಪಿನ ಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿಚಿಕೊಳ್ಳುತ್ತದೆ.

ಎರಡನೆಯದು ಸಿಂಥೆಟಿಕ್ ಎನಾಮಲ್. ಗೇಟಿಗೆ, ಕಿಟಕಿ ಸರಳಿಗೆ ಹೊಡೆಯುವುದೂ ಇದೇ ಜಾತಿ. ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ರಾತ್ರಿ ಕಳೆದರೆ ಮುಟ್ಟಬಹುದು, ಪೂರ್ತಿ ಬಲ ಬರಲು ವಾರಗಳು ಬೇಕು. ಹಳೇ ಗಾಡಿಗಳ ಮೇಲಿದ್ದದ್ದು ಹೆಚ್ಚಾಗಿ ಇದೇ ಬಗೆ, ಹಾಗಾಗಿ ನೋಟವೂ ಸರಿ ಹೊಂದುತ್ತದೆ. ಬಿಸಿಲಿಗೆ ಕೆಲವೇ ವರ್ಷದಲ್ಲಿ ಮಂಕಾಗುತ್ತದೆ, ಅದೊಂದು ಕುಂದು.

ಮೂರನೆಯದು ಪಿಯು, ಎರಡು ಡಬ್ಬದ ಬಣ್ಣ. ಹಾರ್ಡನರ್ ಬೆರೆಸಿದ ಮೇಲೆ ಗಡಿಯಾರ ಓಡಲು ಶುರು, ಕೆಲವು ಗಂಟೆಯಲ್ಲಿ ಮುಗಿಸಬೇಕು. ಡೀಸೆಲ್ಲಿಗೂ ಜಗ್ಗಲ್ಲ, ಬಿಸಿಲಿಗೂ ಜಗ್ಗಲ್ಲ. ಆದರೆ ಆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಗನ್ನಿನ ಮಂಜಿನಲ್ಲಿ ಅದನ್ನು ಉಸಿರಾಡಿ ಒಮ್ಮೆ ಮೈಗೆ ಒಗ್ಗದೆ ಹೋದರೆ, ಮುಂದೆ ಒಂದು ಚೂರು ತಾಗಿದರೂ ಆಸ್ತಮಾ ಏಳುತ್ತದೆ. ವಾಸನೆಯಿಂದ ಗೊತ್ತಾಗುವುದಿಲ್ಲ. ಮೂಗಿಗೆ ಕರ್ಚೀಫ್ ಕಟ್ಟಿ ಪಿಯು ಹೊಡೆಯುವ ಹುಡುಗರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಾರ್ಖಾನೆಯಲ್ಲಿ ನಮಗೆ ಹೊರಗಿನಿಂದ ಪೈಪಿನಲ್ಲಿ ಗಾಳಿ ಬರುವ ಮುಖವಾಡ ಇತ್ತು. ನಿಮ್ಮ ಟೌನಿನ ಪೇಂಟರ್ ಹತ್ತಿರ ಇದೆಯಾ ಕೇಳಿ ನೋಡಿ.

ನಿಮ್ಮ ಕೆಲಸಕ್ಕೆ ನನ್ನ ಓಟು ಎನಾಮಲ್ಲಿಗೆ. ಒಳ್ಳೆ ಕಂಪನಿಯದ್ದು, ಗನ್ನಿನಲ್ಲಿ, ತೆಳುವಾಗಿ ಮೂರು ಕೋಟ್.

ಗದಗ_ಹತ್ತಿ · ಜುಲೈ 3

ಗನ್‌ಮ್ಯಾನ್ ಸಾಹೇಬ್ರ ಮಾತು ಖರೇ ಅದ ರೀ. ನಮ್ಮನ್ಯಾಗ ಫೋರ್ಡ್ 3000 ಅದ, ನಮ್ಮ ಕಾಕಾಂದು. ನಾಕು ವರ್ಷದ ಹಿಂದ ಹುಮ್ಮಸ್ಸಿಗೆ ಬಿದ್ದು ಪಿಯು ಹೊಡಿಸಿದ್ವಿ. ಏನ್ ಹೊಳಪು ಅಂತೀರಿ, ಮಂದಿ ನಿಂತು ಫೋಟೋ ತಗೀತಿದ್ರು. ಒಂದ ಸುಗ್ಗಿ ಮುಗಿಯೂದ್ರಾಗ ಹತ್ತಿಕಟಗಿ ಬಡದು ಮಡ್‌ಗಾರ್ಡ್ ತುಂಬ ಗೀರು. ಟಚಪ್ ಮಾಡೂಣ ಅಂದ್ರ ಮತ್ತ ಹಾರ್ಡನರ್ ಕಲಸಬೇಕು, ಅಂಚು ಕೂಡಂಗಿಲ್ಲ, ತೇಪಿ ಹಚ್ಚಿದಂಗ ಕಾಣಸ್ತದ. ಎನಾಮಲ್ ಆದ್ರ ಡಬ್ಬಿ ಮುಚ್ಚಳ ತಗದು ಬ್ರಷ್ಶಿಲೆ ಒಂದು ಎಳದ್ರ ಮುಗೀತು. ದುಡಿಯೂ ಎತ್ತಿಗೆ ರೇಷ್ಮಿ ಜೂಲಾ ಯಾಕ ಬೇಕ್ರಿ?

ಸುರತ್ಕಲ್_ಉಪ್ಪುಗಾಳಿ · ಜುಲೈ 3

ಅದೆಲ್ಲ ಬಯಲುಸೀಮೆಯ ಲೆಕ್ಕ ಮಾರಾಯ್ರೆ. ನಮ್ಮಲ್ಲಿ ಸಮುದ್ರ ಉಂಟು. ಎನಾಮಲ್ ಹೊಡೆದು ಎರಡು ಮಳೆಗಾಲ ಕಳೆದರೆ ಬೋಲ್ಟಿನ ಸುತ್ತ ತುಕ್ಕು ಕಣ್ಣು ಬಿಡುತ್ತದೆ. ನಾನು ಅಡಿಗೆ ಎಪಾಕ್ಸಿ ಪ್ರೈಮರ್, ಮೇಲೆ ಪಿಯು. ಅದರಲ್ಲೂ ಎಪಾಕ್ಸಿಯೇ ಮುಖ್ಯ. ಬರೀ ರೆಡ್ ಆಕ್ಸೈಡ್ ಪ್ರೈಮರ್ ನಂಬಿ ಕೂತರೆ ಆಗುವುದಿಲ್ಲ, ಅದು ಪೂರ್ತಿ ನೀರು ತಡೆಯುವುದಲ್ಲ. ಮತ್ತೆ ಎಪಾಕ್ಸಿಯನ್ನೇ ಕೊನೆಯ ಬಣ್ಣ ಅಂತ ಬಿಡ್ಲಿಕ್ಕೂ ಇಲ್ಲ, ಬಿಸಿಲಿಗೆ ಸೀಮೆಸುಣ್ಣದ ಹಾಗೆ ಪುಡಿ ಪುಡಿ ಬರುತ್ತದೆ.

ಮಡಿಕೇರಿ_ಬೂದಿ · ಜುಲೈ 4

ನನ್ನ ಹತ್ತಿರ ಇರುವುದು ಫರ್ಗ್ಯುಸನ್ ಟಿಇ20, ತೋಟದ ಹಳೇ ಆಳು. ಕೊವೆಂಟ್ರಿಯಲ್ಲಿ 1946ರಿಂದ 56ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದ ಗಾಡಿ. ಎಂಜಿನ್, ರಿಮ್, ಬಾನೆಟ್, ಎಲ್ಲಕ್ಕೂ ಒಂದೇ ಬೂದು. ‘ಒಂದೇ ಬಣ್ಣ ತಾನೇ, ಸುಲಭ’ ಅಂದುಕೊಂಡು ಇಳಿದೆ. ಮೂರು ಸಲ ಮಿಕ್ಸ್ ಮಾಡಿಸಿದೆ. ಅಂಗಡಿಯ ಟ್ಯೂಬ್‌ಲೈಟಲ್ಲಿ ಸರಿ ಇದ್ದದ್ದು ಮನೆ ಅಂಗಳಕ್ಕೆ ತಂದರೆ ನೀಲಿ ಮಿಶ್ರ, ಇನ್ನೊಂದು ಹಸಿರು ಮಿಶ್ರ. ಬೂದಿಯಲ್ಲಿ ಇಷ್ಟು ಜಾತಿ ಇದೆ ಅಂತ ಒಲೆ ಉರಿಸುವ ನಮ್ಮ ಅಜ್ಜಿಗೂ ಗೊತ್ತಿರಲಿಕ್ಕಿಲ್ಲ.

ಕಲಿತದ್ದು ಇಷ್ಟು. ಹೊರಗಿನ ಬಣ್ಣ ನೋಡಬೇಡಿ, ಅದು ಬಿಸಿಲಿಗೆ ಬದಲಾಗಿರುತ್ತದೆ. ನಂಬರ್ ಪ್ಲೇಟಿನ ಹಿಂದೆ, ಡೀಸೆಲ್ ಟ್ಯಾಂಕಿನ ಪಟ್ಟಿಯ ಅಡಿ, ಮೀಟರ್ ಬೋರ್ಡಿನ ಒಳಮೈ, ಗ್ರೀಸ್ ಗಟ್ಟಿಯಾಗಿ ಮುಚ್ಚಿಕೊಂಡ ಜಾಗ, ಇಂಥ ಕಡೆ ಹುಡುಕಿ. ಸಿಕ್ಕಿದ ಮೇಲೆ ರಬ್ಬಿಂಗ್ ಕಾಂಪೌಂಡಿನಿಂದ ರೂಪಾಯಿ ಅಗಲ ಉಜ್ಜಿ. ಆಗ ನಿಜ ಬಣ್ಣ ಎದ್ದು ಬರುತ್ತದೆ. ಬಿಚ್ಚಿ ಒಯ್ಯಬಹುದಾದ ಒಂದು ಪೀಸನ್ನೇ ಅಂಗಡಿಗೆ ಒಯ್ಯಿರಿ. ಮಿಕ್ಸ್ ಮಾಡಿದ್ದನ್ನು ಡಬ್ಬದಲ್ಲಿ ನೋಡಿ ಒಪ್ಪಬೇಡಿ, ರಟ್ಟಿಗೆ ಬಳಿದು ಒಣಗಿಸಿ, ಮಧ್ಯಾಹ್ನ ಮರದ ನೆರಳಲ್ಲಿ ಪಕ್ಕಕ್ಕಿಟ್ಟು ನೋಡಿ.

ಅಯೋವಾ_ಕನ್ನಡಿಗ · ಜುಲೈ 5

ಶಿವಮೊಗ್ಗದವನು, ಇರುವುದು ಅಮೆರಿಕದ ಜೋಳದ ಸೀಮೆಯಲ್ಲಿ. ಇಲ್ಲಿನ ಹಳೇ ಟ್ರ್ಯಾಕ್ಟರ್ ಮೇಳಗಳಲ್ಲಿ ಬಣ್ಣದ ಜಗಳ ನಮ್ಮೂರ ರಾಜಕೀಯಕ್ಕಿಂತ ಜೋರು.

ಇಂಟರ್‌ನ್ಯಾಷನಲ್ ಅಂದರೆ ಕೆಂಪು ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ 1936ರ ನವೆಂಬರ್‌ವರೆಗೂ ಅವರ ಟ್ರ್ಯಾಕ್ಟರ್ ಬೂದು ಬಣ್ಣದ್ದೇ. ಆಮೇಲೆ ಹಾರ್ವೆಸ್ಟರ್ ರೆಡ್ ಬಂತು. ಎದುರಾಳಿ ಆಲಿಸ್-ಚಾಮರ್ಸ್ 1929ರಲ್ಲೇ ಪರ್ಷಿಯನ್ ಆರೆಂಜ್ ಬಳಿದು ಎಲ್ಲರ ಕಣ್ಣು ಸೆಳೆದಿತ್ತು. ದೂರದಿಂದಲೇ ‘ಅದು ಅವರ ಗಾಡಿ’ ಅಂತ ತಿಳಿಯಬೇಕು, ರಸ್ತೆಯಲ್ಲಿ ಕಾರಿನವರಿಗೂ ಕಾಣಬೇಕು, ಎರಡೂ ಸೇರಿ ಎಲ್ಲರೂ ಬಣ್ಣಕ್ಕೆ ಇಳಿದರು.

ಇಲ್ಲಿ ಆ ಕೆಂಪನ್ನು 2150 ಅಂತ ನಂಬರಿನಿಂದ ಕೇಳುತ್ತಾರೆ. ಆದರೂ ಎರಡು ಕಂಪನಿಯ 2150 ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರ ಹಾಗಿರುತ್ತವೆ, ಅವಳಿಜವಳಿ ಅಲ್ಲ. ನಿಮ್ಮ ಗಾಡಿಯಂತೂ ಅಮೆರಿಕದ್ದೇ ಅಲ್ಲ. ಬಿ-275 ಇಂಗ್ಲೆಂಡಿನ ಡಾನ್‌ಕಾಸ್ಟರ್‌ನಲ್ಲಿ 1958ರಲ್ಲಿ ಶುರುವಾಗಿ, ಆಮೇಲೆ 1963ರಲ್ಲಿ ಮಹೀಂದ್ರ, ವೋಲ್ಟಾಸ್ ಮತ್ತು ಹಾರ್ವೆಸ್ಟರ್ ಸೇರಿ ಕಟ್ಟಿದ ಕಂಪನಿಯಿಂದ ಮುಂಬೈಯಲ್ಲಿ ತಯಾರಾಗಿದ್ದು. ಹಾಗಾಗಿ ನೆಟ್ಟಿನಲ್ಲಿ ಸಿಗುವ ನಂಬರ್ ಹಿಡಿದು ಕೂರಬೇಡಿ. ಮಡಿಕೇರಿಯವರು ಹೇಳಿದ ಹಾಗೆ ಗಾಡಿಯನ್ನೇ ಕೇಳಿ.

ಇನ್ನೊಂದು ಮಾತು, ಗಂಭೀರವಾಗಿ. ಆ ಕಾಲದ ಕೆಂಪು, ಹಳದಿ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಹಳದಿಯ ಹೊಳಪು ಬರುತ್ತಿದ್ದುದೇ ಲೆಡ್ ಕ್ರೋಮೇಟ್‌ನಿಂದ. ಒಣ ಎಮರಿ ಹಾಕಿ ಗ್ರೈಂಡರ್‌ನಲ್ಲಿ ಧೂಳೆಬ್ಬಿಸಬೇಡಿ. ನೀರು ಹಾಕಿ ವಾಟರ್‌ಪೇಪರ್‌ನಲ್ಲಿ ಉಜ್ಜಿ, ಆ ಕೆಸರನ್ನು ತೋಟಕ್ಕೆ ಬಿಡಬೇಡಿ. ಮಕ್ಕಳು ದೂರ. ಮತ್ತೆ ಆ ಕೋಳಿಗಳೂ ದೂರ. ಬಣ್ಣದ ಚೂರು ಹೆಕ್ಕಿ ತಿಂದರೆ ಸೀಸ ಮೊಟ್ಟೆಗೂ ಇಳಿಯುತ್ತದೆ.

ಪಾಂಡವಪುರ_275 · ಜುಲೈ 5

ಅಯ್ಯೋ, ನಿನ್ನೆ ತಾನೇ ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಒಂದು ರಿಮ್ ಉಜ್ಜಿದೆ. ನಿಲ್ಲಿಸಿದೆ. ಈಗ ಸಿಗುವ ಡಬ್ಬಗಳಲ್ಲಿ ಸೀಸ ಇಲ್ಲ ತಾನೇ?

ಕೆಜಿಎಫ್_ಗನ್‌ಮ್ಯಾನ್ · ಜುಲೈ 6

ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದು ಅಂತ 2016ರಲ್ಲಿ ನಿಯಮ ಬಂತು, ಜಾರಿಯಾದದ್ದು 2017ರ ನವೆಂಬರ್‌ನಿಂದ. ಆದರೆ ಅದು ಮನೆಬಣ್ಣ, ಅಲಂಕಾರದ ಬಣ್ಣಕ್ಕೆ ಮಾತ್ರ. ಕಾರ್ಖಾನೆ ಬಣ್ಣಕ್ಕಲ್ಲ. ಡಬ್ಬದ ಮೇಲೆ ಸೀಸ ಸೇರಿಸಿಲ್ಲ ಅಂತ ಬರೆದಿರುವುದನ್ನೇ ತಗೊಳ್ಳಿ.

ಇದರಲ್ಲಿ ಒಂದು ತೊಡಕು ಇದೆ. ಸೀಸ ಬಿಟ್ಟ ಕೆಂಪು, ಹಳದಿಗೆ ಮುಚ್ಚುವ ಶಕ್ತಿ ಕಡಿಮೆ. ಹಿಂದೆ ಎರಡು ಕೋಟ್‌ಗೆ ಮುಗಿಯುತ್ತಿದ್ದದ್ದು ಈಗ ನಾಲ್ಕಾದರೂ ಅಡಿಯ ಪ್ರೈಮರ್ ಇಣುಕುತ್ತದೆ. ಪರಿಹಾರ ಹೆಚ್ಚು ಬಣ್ಣ ಸುರಿಯುವುದಲ್ಲ, ಅಡಿಯ ಬಣ್ಣ ಸರಿ ಆರಿಸುವುದು. ಕೆಂಪಿನ ಅಡಿ ಇಡೀ ಗಾಡಿಗೆ ಒಂದೇ ಬಣ್ಣದ ಪ್ರೈಮರ್ ಇರಲಿ, ನಡುಬೂದು ಆಗಬಹುದು. ಹಳದಿಯ ಅಡಿ ಬಿಳಿ. ಅರ್ಧ ಕಡೆ ರೆಡ್ ಆಕ್ಸೈಡ್, ಅರ್ಧ ಕಡೆ ಬೂದು ಬಿಟ್ಟಿರೋ, ಮೇಲಿನ ಕೆಂಪೂ ಎರಡಾಗುತ್ತದೆ.

ರೋಲರ್_ರಾಯಚೂರು · ಜುಲೈ 6

ಮಧ್ಯೆ ಬಂದೆ, ಕ್ಷಮಿಸಿ. ಹರಾಜಿನಲ್ಲಿ ತಗೊಂಡ ಹಳೇ ಡೀಸೆಲ್ ರೋಡ್ ರೋಲರ್ ಇದೆ. ಬುಲ್ಡೋಜರ್, ರೋಲರ್ ಅಂದರೆ ಹಳದಿ ಅಂತ ಎಲ್ಲರೂ ಹೇಳ್ತಾರೆ. ಹಳದಿ ಹೊಡೆದುಬಿಡಲಾ?

ಅಯೋವಾ_ಕನ್ನಡಿಗ · ಜುಲೈ 6

ಮೊದಲು ಕೆರೆದು ನೋಡಿ. ಹಳದಿಗೆ ಹೆಸರಾದ ಕ್ಯಾಟರ್‌ಪಿಲ್ಲರ್ ಯಂತ್ರಗಳೂ 1931ರ ಡಿಸೆಂಬರ್‌ವರೆಗೆ ಬೂದು ಬಣ್ಣಕ್ಕೆ ಕೆಂಪು ಅಂಚು. ರಸ್ತೆ ಕೆಲಸದಲ್ಲಿ ದೂರಕ್ಕೆ ಕಾಣಲಿ ಅಂತ ಹೈವೇ ಯೆಲ್ಲೋ ತಂದರು, 1979ರಲ್ಲಿ ಆ ಹಳದಿಯನ್ನೂ ಬದಲಿಸಿದರು.

ಕೆಜಿಎಫ್_ಗನ್‌ಮ್ಯಾನ್ · ಜುಲೈ 6

ರೋಲರ್ ಚಕ್ರದ ಉರುಳುವ ಮೈಗೆ ಮಾತ್ರ ಏನೂ ಹೊಡೆಯಬೇಡಿ. ಹತ್ತು ಮಾರು ಉರುಳಿದರೆ ಬಣ್ಣವೆಲ್ಲ ರಸ್ತೆಗೆ. ಎಣ್ಣೆ ಬಟ್ಟೆಯಲ್ಲಿ ಒರೆಸಿ ಬಿಡಿ ಸಾಕು.

ಪಾಂಡವಪುರ_275 · ಜುಲೈ 19

ಹೊಸ ಸುದ್ದಿ. ಬಾನೆಟ್, ಮಡ್‌ಗಾರ್ಡ್ ಬಿಚ್ಚಿದೆ. ಟ್ಯಾಂಕಿನ ಪಟ್ಟಿಯ ಅಡಿ ಎರಡು ಬೆರಳಗಲ ಹಳೇ ಕೆಂಪು ಸಿಕ್ಕಿತು! ನಾನು ಅಂದುಕೊಂಡದ್ದಕ್ಕಿಂತ ಸ್ವಲ್ಪ ಕಿತ್ತಳೆಯ ಕಡೆ. ಅಂಗಡಿಯ ‘ಟ್ರ್ಯಾಕ್ಟರ್ ರೆಡ್’ ಪಕ್ಕಕ್ಕಿಟ್ಟರೆ ಅದು ಕುಂಕುಮ, ಇದು ಹಣ್ಣುಮೆಣಸಿನಕಾಯಿ. ಅಂಗಡಿಯವರಿಗೇ ತೋರಿಸಿದೆ, ‘ಐಎಸ್ 5 ಅನ್ನುವ ಬಣ್ಣಗಳ ಭಾರತೀಯ ಮಾನಕ ಪಟ್ಟಿಯಲ್ಲಿ ಸಿಗ್ನಲ್ ರೆಡ್ 537 ಅಂತ ಒಂದಿದೆ, ಅದನ್ನೂ ನೋಡಿ’ ಅಂದರು. ಹತ್ತಿರ ಇದೆ, ಅದೇ ಅಲ್ಲ. ಕೊನೆಗೆ ಪೀಸ್ ಕೊಟ್ಟು ಮೈಸೂರಲ್ಲಿ ಮಿಷನ್ ಹಾಕಿಸಿ ಮಿಕ್ಸ್ ಮಾಡಿಸ್ತಿದ್ದೀನಿ.

ತುಕ್ಕಿನ ಕಥೆ ಬೇರೆ. ಗ್ರಿಲ್ಲು, ಟೂಲ್‌ಬಾಕ್ಸು, ಲೈಟ್ ಕೂರಿಸುವ ಕೊಂಡಿಗಳ ಸಂದಿಗೆಲ್ಲ ತುಕ್ಕು. ಸ್ಯಾಂಡ್‌ಬ್ಲಾಸ್ಟ್ (ಗಾಳಿಯ ಒತ್ತಡದಲ್ಲಿ ಮರಳು ಹೊಡೆದು ತುಕ್ಕು ತೆಗೆಯುವುದು) ಕೊಡಿಸಲಾ?

ಕೆಜಿಎಫ್_ಗನ್‌ಮ್ಯಾನ್ · ಜುಲೈ 19

ಎರಕದ ಭಾಗಕ್ಕೆ ಕೊಡಿಸಬಹುದು, ಸೀಲು, ಬೇರಿಂಗು ಇರುವ ಕಡೆ ಬೇಡ. ಒಂದು ಕಣ ಒಳಗೆ ಹೋದರೆ ಅಷ್ಟೇ. ಬಾನೆಟ್ಟಿನಂಥ ತಗಡಿಗೆ ಹತ್ತಿರದಿಂದ ಜೋರಾಗಿ ಹೊಡೆದರೆ ಆ ಬಡಿತಕ್ಕೇ ಹಪ್ಪಳ ಆಗುತ್ತದೆ. ಹೊಳೆಮರಳು ಬಳಸುವವರ ಹತ್ತಿರ ಹೋಗಲೇಬೇಡಿ. ಮರಳಿನ ಆ ಧೂಳು ಪುಪ್ಪುಸಕ್ಕೆ ಸೇರಿ ಸಿಲಿಕೋಸಿಸ್ ತರುತ್ತದೆ. ಗಾರ್ನೆಟ್ ಅನ್ನುವ ಖನಿಜದ ಪುಡಿ ಬಳಸುವವರನ್ನು ಹುಡುಕಿ.

ಆಲೆಮನೆ_ಮದ್ದೂರು · ಜುಲೈ 20

ಮಂಡ್ಯ ಜಿಲ್ಲೇಲಿ ಕೂತ್ಕಂಡು ತುಕ್ಕು ತೆಗೆಯೋದು ಹೆಂಗೆ ಅಂತ ಕೇಳ್ತಿದ್ದೀರಲ್ಲಣ್ಣ! ಕಾಕಂಬಿ ಇಲ್ವಾ? ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್ಮಲ್ಲಿ ಕಲಸಿ ತಗಡು ಮುಳುಗಿಸಿ. ವಾರ, ಎರಡು ವಾರ, ತುಕ್ಕು ಜಾಸ್ತಿ ಇದ್ರೆ ಮೂರು. ತುಕ್ಕನ್ನ ಮಾತ್ರ ತಿನ್ನುತ್ತೆ, ಒಳ್ಳೆ ಕಬ್ಬಿಣದ ತಂಟೆಗೆ ಹೆಚ್ಚಾಗಿ ಹೋಗಲ್ಲ. ಸಂದಿಗೊಂದಿಗೂ ಇಳಿಯುತ್ತೆ. ಅಲ್ಯೂಮಿನಿಯಂ ಸಾಮಾನು ಮಾತ್ರ ಹಾಕ್ಬೇಡಿ, ಕರಗೋಯ್ತದೆ. ಮೊದ್ಲು ಗ್ರೀಸ್ ತೊಳೀಬೇಕು, ಇಲ್ದಿದ್ರೆ ಏನೂ ಆಗಲ್ಲ. ಹುಳಿ ಬಂದ ಮೇಲೆ ವಾಸನೆ ಸುಮಾರಾಗಿರುತ್ತೆ, ನೊಣ ಮುತ್ತುತ್ತೆ. ಮನೆಯಿಂದ ಒಂದು ಹೊಲ ಆಚೆ ಇಡಿ, ಇಲ್ದಿದ್ರೆ ಅತ್ತಿಗೆಮ್ಮ ನಿಮ್ಮನ್ನೂ ಆಚೆಗೇ ಕಳಿಸ್ತಾರೆ.

ತೆಗೆದ ತಕ್ಷಣ ನೀರಲ್ಲಿ ಜಾಡಿಸಿ ತೊಳೆದು ಒರೆಸಿ ಒಣಗಿಸಿ ಅವತ್ತೇ ಪ್ರೈಮರ್ ಹೊಡೀರಿ. ಬೆಳಗ್ಗೆಗೆ ಬಿಟ್ರೆ ಮತ್ತೆ ಕೆಂಪುಪುಡಿ ಕಟ್ಟಿರುತ್ತೆ.

ಸುರತ್ಕಲ್_ಉಪ್ಪುಗಾಳಿ · ಜುಲೈ 20

ನಾವು ಬಟ್ಟೆಸೋಡ ನೀರಲ್ಲಿ ಬ್ಯಾಟರಿ ಚಾರ್ಜರ್ ಕೊಟ್ಟು ತೆಗೆಯುವುದು. ತುಕ್ಕಿನ ಪೀಸಿಗೆ ಮೈನಸ್, ಬಿಸಾಡುವ ಹಳೇ ಕಬ್ಬಿಣಕ್ಕೆ ಪ್ಲಸ್. ಆ ಪ್ಲಸ್ಸಿಗೆ ಸ್ಟೀಲಿನ ತಟ್ಟೆ, ಚಮಚ ಕಟ್ಟಬಾರದು, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಗಾಳಿಯಾಡುವ ಜಾಗ ಬೇಕು, ಅದರಿಂದ ಹೈಡ್ರೋಜನ್ ಏಳುತ್ತದೆ. ಬೀಡಿ ಹಚ್ಚಿಕೊಂಡು ಬಗ್ಗಿ ನೋಡಬೇಡಿ ಮತ್ತೆ.

ಪಾಂಡವಪುರ_275 · ಆಗಸ್ಟ್ 11

ಕಾಕಂಬಿ ಕೆಲಸ ಮಾಡಿತು. ವಾಸನೆಯ ಬಗ್ಗೆ ಹೇಳಿದ್ದೂ ನಿಜ.

ಇವತ್ತು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಎಡಗಡೆ ಮಡ್‌ಗಾರ್ಡ್ ತೊಳೆಯುವಾಗ ನೀಲಿ ಬಣ್ಣ ಉಗುರಿಗೆ ಸಿಕ್ಕು ಹಾಳೆ ಹಾಳೆಯಾಗಿ ಎದ್ದಿತು. ಅಡಿಯಲ್ಲಿ ಕೆಂಪು. ಆ ಕೆಂಪಿನ ಮೇಲೆ ಹಳದಿಯಲ್ಲಿ ಒಂದು ‘ಶ್ರೀ’. ಪ್ಲಾಸ್ಟಿಕ್ ಪಟ್ಟಿ ತಗೊಂಡು ನಿಧಾನ ಎಬ್ಬಿಸುತ್ತಾ ಹೋದೆ. ‘ಶ್ರೀ ಚೌಡೇಶ್ವರಿ ಪ್ರಸನ್ನ’. ಕೆಳಗೆ ನಮ್ಮೂರ ಹೆಸರು. ಕೆರೆ ಏರಿ ಹತ್ತಿರ ಬೋರ್ಡ್ ಬರೆಯುತ್ತಿದ್ದ ತಾತನ ಕೈ ಅದು, ‘ಶ್ರೀ’ಯ ಬಾಲ ಹಾಗೆ ಸುತ್ತುತ್ತಿದ್ದವರು ಅವರೊಬ್ಬರೇ. ಬರೆಯುವಾಗ ನಾನು ಪಕ್ಕದಲ್ಲಿ ಡಬ್ಬ ಹಿಡಿದು ನಿಂತಿದ್ದೆ, ಎಂಟು ವರ್ಷ ಇರಬೇಕು.

ಕಾಲು ಭಾಗ ಅಕ್ಷರ ಹೋಗಿದೆ, ಉಳಿದದ್ದು ಓದಬಹುದು. ಏನು ಮಾಡಲಿ?

ಕೆಜಿಎಫ್_ಗನ್‌ಮ್ಯಾನ್ · ಆಗಸ್ಟ್ 11

ನೀಲಿ ಹೊಡೆದವನು ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಉಜ್ಜದೆ, ಹಾಗೇ ಗನ್ ಆಡಿಸಿದ್ದಾನೆ. ಅದಕ್ಕೇ ಹಿಡಿದಿಲ್ಲ. ನಮ್ಮ ಶಾಪಿನಲ್ಲಿ ಹಾಗೆ ಮಾಡಿದ್ದರೆ ಮೆಮೊ ಕೊಡುತ್ತಿದ್ದರು. ನಿಮಗೆ ಅವನು ಸಿಕ್ಕರೆ ಒಂದು ಟೀ ಕೊಡಿಸಿ.

ಗದಗ_ಹತ್ತಿ · ಆಗಸ್ಟ್ 11

ಫೋಟೋ ತಗೊಂಡು, ಅಕ್ಷರ ಟ್ರೇಸಿಂಗ್ ಪೇಪರಿನ್ಯಾಗ ಇಳಿಸ್ಕೊಂಡು, ಹೊಸಾ ಬಣ್ಣದ ಮ್ಯಾಲೆ ಅದರಂಗನ ಬರಸ್ರಿ. ಅರ್ಧಾ ಹರದ ಧೋತರ ಉಟ್ಟಂಗ ಗಾಡಿ ನಿಂದ್ರಸೂದು ಚಂದ ಅಲ್ರಿ. ದೇವರ ಹೆಸರು ಅಳಿಸಿ ಹೋಗಿರೂದು ಬ್ಯಾಡ.

ಮಡಿಕೇರಿ_ಬೂದಿ · ಆಗಸ್ಟ್ 12

ಬೇಡ, ಬೇಡ. ನನ್ನ ಫರ್ಗಿಯ ಬಾನೆಟ್ ಪಕ್ಕ ಹಳೇ ಡೀಲರ್ ಅಂಟಿಸಿದ ಚಿತ್ರ ಇತ್ತು. ಮುಕ್ಕಾಗಿದೆ ಅಂತ ಉಜ್ಜಿ ಹಾಕಿಸಿ, ಹೊಸ ಸ್ಟಿಕರ್ ಮಾಡಿಸಿ ಅಂಟಿಸಿದೆ. ಸ್ಟಿಕರ್ ಚೆನ್ನಾಗಿಯೇ ಇದೆ. ಆದರೆ ಬಂದವರು ಯಾರೂ ಅದರ ಹತ್ತಿರ ನಿಂತು ನೋಡುವುದಿಲ್ಲ, ನಾನೂ ನೋಡುವುದಿಲ್ಲ.

ಅಯೋವಾ_ಕನ್ನಡಿಗ · ಆಗಸ್ಟ್ 12

ಇಲ್ಲಿಯೂ ಈ ಎರಡು ಪಂಗಡ ಇದೆ. ಶೋರೂಮಿನಿಂದ ಇಳಿದ ಹಾಗಿರಬೇಕು ಅನ್ನುವವರು ಕಾರ್ಖಾನೆಯಲ್ಲಿದ್ದಾಗ ಇಲ್ಲದ ಹೊಳಪನ್ನೂ ಹಾಕಿಸುತ್ತಾರೆ. ಬೆಸುಗೆಯ ಗಂಟಿಗೂ ಪುಟ್ಟಿ ತುಂಬಿ ನುಣ್ಣಗೆ ಮಾಡುತ್ತಾರೆ. ಇನ್ನೊಂದು ಪಂಗಡದವರು ಮಾಸಿದ ಬಣ್ಣಕ್ಕೆ ಎಣ್ಣೆ ಒರೆಸಿ ತರುತ್ತಾರೆ. ನನಗೆ ಇವರ ಬೆಂಚಲ್ಲಿ ಕೂರುವುದೇ ಇಷ್ಟ. ಆದರೆ ಮಳೆಯಲ್ಲಿ ದುಡಿಯುವ ಗಾಡಿಗೆ ಅದು ಸಾಲದು ಅನ್ನುವುದನ್ನೂ ಒಪ್ಪುತ್ತೇನೆ.

ಕೆಜಿಎಫ್_ಗನ್‌ಮ್ಯಾನ್ · ಆಗಸ್ಟ್ 12

ಉಳಿಸುವುದಾದರೆ ಹೀಗೆ ಮಾಡಿ. ಒಂದು ಮೂಲೆಯಲ್ಲಿ, ಅಕ್ಷರ ಇಲ್ಲದ ಕಡೆ, ಬಿಳಿ ಬಟ್ಟೆಗೆ ಎನ್‌ಸಿ ಥಿನ್ನರ್ ತಾಗಿಸಿ ಒರೆಸಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಲ್ಯಾಕರ್. ಸುಕ್ಕೆದ್ದರೆ ಎನಾಮಲ್. ಏನೂ ಆಗದಿದ್ದರೆ ಎರಡು ಡಬ್ಬದ ಬಣ್ಣ. ನಿಮ್ಮದು ಸುಕ್ಕೇಳುತ್ತದೆ, ನೋಡುತ್ತಿರಿ. ಅದರ ಮೇಲೆ ಪಿಯು ಕ್ಲಿಯರ್ ಹೊಡೆದರೆ ಅದರ ಥಿನ್ನರ್‌ಗೂ ಹಳೇ ಎನಾಮಲ್ ಸುಕ್ಕೆದ್ದು ಹಾಲಿನ ಕೆನೆ ಥರ ಆಗುತ್ತದೆ. ಆದ್ದರಿಂದ ಕ್ಲಿಯರ್ ಬೇಡ. ಸೋಪು ನೀರಲ್ಲಿ ತೊಳೆದು, ಒಣಗಿಸಿ, ಕಾರಿಗೆ ಹಾಕುವ ಮೇಣ ತೆಳುವಾಗಿ ತಿಕ್ಕಿ, ವರ್ಷಕ್ಕೆ ಎರಡು ಸಲ. ಒಳಮೈಗೆ, ಕೆಸರು ಹೊಡೆಯುವ ಕಡೆಗೆ, ಪ್ರೈಮರ್ ಮತ್ತು ಬಣ್ಣ ಧಾರಾಳ ಕೊಡಿ. ಮಡ್‌ಗಾರ್ಡ್ ತಿನ್ನುವ ತುಕ್ಕು ಹೊರಗಿನಿಂದಲ್ಲ, ಒಳಗಿನಿಂದ ಬರುತ್ತದೆ.

ಒಂದು ಕಡೆ ಹಳೇದು, ಒಂದು ಕಡೆ ಹೊಸದು ಇದ್ದರೆ ಏನೀಗ?

ಪಾಂಡವಪುರ_275 · ಸೆಪ್ಟೆಂಬರ್ 9

ಬಲಗಡೆ ಮಡ್‌ಗಾರ್ಡ್, ಬಾನೆಟ್, ಗ್ರಿಲ್ ಎಲ್ಲಕ್ಕೂ ಪ್ರೈಮರ್ ಮುಗಿಯಿತು. ಎಡಗಡೆಯದನ್ನು ಮೇಣ ತಿಕ್ಕಿ ಅಟ್ಟಕ್ಕೆ ಏರಿಸಿದ್ದೇನೆ. ತಮ್ಮನಿಗೆ ಕೋಪ, ‘ಅರ್ಧ ಕ್ಷೌರ ಮಾಡಿಸಿಕೊಂಡ ಹಾಗಿದೆ’ ಅಂತಾನೆ.

ನಿನ್ನೆ ಬಾನೆಟ್ಟಿಗೆ ಮೊದಲ ಕೋಟ್ ಕೆಂಪು ಹೊಡೆದೆ. ಹೊಡೆದ ಐದೇ ನಿಮಿಷಕ್ಕೆ ಅಲ್ಲಲ್ಲಿ ಬಣ್ಣ ಸರಿದು ಗುಂಡಗೆ ಗುಳಿ ಬಿದ್ದವು, ನಡುವೆ ಪ್ರೈಮರ್ ಕಾಣಿಸುತ್ತಿದೆ. ಬಣ್ಣವೇ ಕೆಟ್ಟದ್ದಾ?

ಕೆಜಿಎಫ್_ಗನ್‌ಮ್ಯಾನ್ · ಸೆಪ್ಟೆಂಬರ್ 9

ಮೀನಿನ ಕಣ್ಣು ಅಂತೀವಿ ಅದಕ್ಕೆ. ಬಣ್ಣದ ತಪ್ಪಲ್ಲ. ಸಿಲಿಕೋನ್ ತಾಗಿದೆ, ಇಲ್ಲ ಕಂಪ್ರೆಸರ್‌ನಿಂದ ಎಣ್ಣೆ ಬಂದಿದೆ. ಆ ಶೆಡ್ಡಲ್ಲಿ ಯಾರಾದರೂ ಟಯರ್ ಪಾಲಿಷ್ ಸ್ಪ್ರೇ ಬಳಸಿದ್ರಾ?

ಪಾಂಡವಪುರ_275 · ಸೆಪ್ಟೆಂಬರ್ 9

ತಮ್ಮ. ಬೈಕಿಗೆ. ಬೆಳಗ್ಗೆ. ಅರ್ಧ ಕ್ಷೌರದ ಸೇಡು ಅನ್ಸುತ್ತೆ.

ಕೆಜಿಎಫ್_ಗನ್‌ಮ್ಯಾನ್ · ಸೆಪ್ಟೆಂಬರ್ 9

ಅದರ ಮೇಲೇ ಇನ್ನೊಂದು ಕೋಟ್ ಸುರಿದು ಮುಚ್ಚಲು ಹೋಗಬೇಡಿ. ನಾಲ್ಕೈದು ದಿನ ಒಣಗಲಿ. 400ರ ವಾಟರ್‌ಪೇಪರ್‌ನಲ್ಲಿ ಗುಳಿ ಹೋಗುವವರೆಗೆ ತೆಗೆಯಿರಿ. ಆಮೇಲೆ ಮೇಣ-ಜಿಡ್ಡು ತೆಗೆಯುವ ದ್ರಾವಣ ತಂದು ಎರಡು ಬಟ್ಟೆ ಇಟ್ಟುಕೊಳ್ಳಿ. ಒಂದರಲ್ಲಿ ಹಚ್ಚಿ, ಅದು ಒಣಗುವ ಮೊದಲೇ ಇನ್ನೊಂದರಲ್ಲಿ ಒರೆಸಿ. ಒಂದೇ ಬಟ್ಟೆಯಾದರೆ ಜಿಡ್ಡನ್ನು ಆ ಕಡೆಯಿಂದ ಈ ಕಡೆಗೆ ಸಾಗಿಸಿದ ಹಾಗೆ, ಅಷ್ಟೇ. ಕಂಪ್ರೆಸರ್ ಟ್ಯಾಂಕಿನ ಅಡಿಯ ನಲ್ಲಿ ಬಿಟ್ಟು ನೀರು ಖಾಲಿ ಮಾಡಿ. ಈ ಕಾಲದಲ್ಲಿ ಲೋಟಗಟ್ಟಲೆ ಬರುತ್ತದೆ.

ಮತ್ತೆ ಬೆಳಗ್ಗೆ ಬೇಗ ಹೊಡೆಯಬೇಡಿ. ರಾತ್ರಿಯ ತಂಪಿಗೆ ತಗಡು ಬೆವೆತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹತ್ತು ಗಂಟೆ ಮೇಲೆ ಶುರು ಮಾಡಿ ಮೂರು ಗಂಟೆಗೆ ಗನ್ ಇಳಿಸಿ.

ಇನ್ನೆರಡು ಮಾತು, ಕೇಳದಿದ್ದರೂ. ಸೈಲೆನ್ಸರ್, ಮ್ಯಾನಿಫೋಲ್ಡಿಗೆ ಈ ಕೆಂಪು ಬಳಿದರೆ ಮೊದಲ ದಿನವೇ ಸುಟ್ಟು ಸುಲಿಯುತ್ತದೆ, 600 ಡಿಗ್ರಿ ತಡೆಯುವ ಬೇರೆ ಬಣ್ಣ ಸಿಗುತ್ತದೆ. ರೇಡಿಯೇಟರ್‌ಗೆ ಕಪ್ಪು, ಅದೂ ಮಂಜಿನಷ್ಟು ತೆಳು. ದಪ್ಪ ಬಳಿದರೆ ನೀರು ಕುದಿಸುವ ಪಾತ್ರೆಗೆ ಕಂಬಳಿ ಹೊದಿಸಿದ ಹಾಗೆ.

ರೋಲರ್_ರಾಯಚೂರು · ಸೆಪ್ಟೆಂಬರ್ 14

ಕೆರೆದು ನೋಡಿದೆ. ಹಳದಿ, ಅದರಡಿ ಹಳದಿ, ಅದರಡಿ ಹಸಿರು. ಹಸಿರೇ ಹೊಡೀತೀನಿ.

ಪಾಂಡವಪುರ_275 · ಆಯುಧಪೂಜೆಯ ಮರುದಿನ

ಆಯಿತು. ಫೋಟೋ ಹಾಕಿದ್ದೇನೆ. ಬಾನೆಟ್ ಹೊಸ ಕೆಂಪು, ಬಲ ಮಡ್‌ಗಾರ್ಡ್ ಹೊಸ ಕೆಂಪು, ಎಡ ಮಡ್‌ಗಾರ್ಡ್ ಮೇಲೆ ಮುಕ್ಕಾದ ಚೌಡೇಶ್ವರಿ. ಒಟ್ಟು ಕೆಂಪು ನಾಲ್ಕು ಲೀಟರ್ ಹಿಡಿಯಿತು, ಅರ್ಧ ಲೀಟರ್ ಮುಚ್ಚಳ ಬಿಗಿದು ಟಚಪ್‌ಗೆ ಇಟ್ಟಿದ್ದೇನೆ. ತಮ್ಮ ಈಗ ಎಡಗಡೆ ನಿಂತೇ ಸೆಲ್ಫಿ ತಗೊಳ್ತಾನೆ.

ಒಂದು ಎಡವಟ್ಟು. ಕೊನೇ ಕೋಟ್ ಹೊಡೆದು ಒಂಬತ್ತೇ ದಿನ ಆಗಿತ್ತು. ಅಮ್ಮ ಎಣ್ಣೆಯಲ್ಲಿ ಕುಂಕುಮ ಕಲಸಿ ಬಾನೆಟ್ ನೆತ್ತಿಗೆ ಮೂರು ಬೆರಳು ಎಳೆದುಬಿಟ್ಟರು. ತಡೆಯೋಕೆ ಬಾಯಿ ಬರಲಿಲ್ಲ. ಇವತ್ತು ಒರೆಸಿದರೆ ಮೂರು ಗೆರೆ ಮಾಸಲಾಗಿ ಉಳಿದಿವೆ. ಕಾಂಪೌಂಡ್ ಹಾಕಿ ಉಜ್ಜಲಾ?

ಕೆಜಿಎಫ್_ಗನ್‌ಮ್ಯಾನ್ · ಆಯುಧಪೂಜೆಯ ಮರುದಿನ

ಈಗಲೇ ಬೇಡ. ಮೇಲೆ ಒಣಗಿದ ಹಾಗೆ ಕಂಡರೂ ಅಡಿಯಲ್ಲಿ ಇನ್ನೂ ಮೆತ್ತಗಿದೆ, ಉಜ್ಜಿದರೆ ಹೊಳಪು ಹೋಗಿ ಮಂಡಲ ಬೀಳುತ್ತದೆ. ಒಂದು ತಿಂಗಳು ಬಿಡಿ, ಬರೀ ತಣ್ಣೀರು, ಮೆತ್ತನೆ ಬಟ್ಟೆ. ದೀಪಾವಳಿ ಕಳೆದ ಮೇಲೆ ನೋಡೋಣ. ಬಾಳೆಕಂದು ಕಟ್ಟಿದ ಟೇಪ್ ಇದ್ದರೆ ಅದನ್ನು ಮಾತ್ರ ಇವತ್ತೇ, ಮಧ್ಯಾಹ್ನ ಬಿಸಿಲಿಗೆ ಬೆಚ್ಚಗಾದಾಗ, ಮೆಲ್ಲಗೆ ಹಿಂದಕ್ಕೆ ಮಡಚಿ ಎಳೆಯಿರಿ.

ಅದಿರಲಿ, ಆ ಸ್ಪ್ಯಾನರ್ ಎಲ್ಲಿ?

ಪಾಂಡವಪುರ_275 · ಆಯುಧಪೂಜೆಯ ಮರುದಿನ

ಟೂಲ್‌ಬಾಕ್ಸಲ್ಲಿದೆ ಸರ್. ಅದಕ್ಕೂ ಬಣ್ಣ ಹೊಡಿಯೋಣ ಅಂತ ತಮ್ಮ ಬಂದಿದ್ದ. ಕೊಡಲಿಲ್ಲ.